ಬರೀ ಪ್ರೊಯೆತ್ತಿ ಎಂದೇ ಬರೆದೆ

ಮೊಂತೆಸೊರ್ಬೊ, ಉಂಬ್ರಿಯಾ
14 ನವೆಂಬರ್ 2023

ಪ್ರೀತಿಯ ನಿವೆಸ್ ಅಕ್ಕನಿಗೆ,

ಮೊಣಕಾಲು ನೋವು ಹೇಗಿದೆ? ಮೆಲ್ಬರ್ನ್‌ನಲ್ಲಿ ಬಿಸಿಲು ಶುರುವಾಗಿರಬೇಕು, ಸ್ವಲ್ಪ ಹಗುರಾಗಿರಬಹುದು. ಇಲ್ಲಿ ಆಲಿವ್ ಕೊಯ್ಲು ಮುಗಿಯಿತು. ಹೊಸ ಎಣ್ಣೆ ಸುರಿದುಕೊಂಡು ರೊಟ್ಟಿ ತಿನ್ನುವಾಗಲೆಲ್ಲ ನಿನ್ನದೇ ನೆನಪು.

ಈಗ ಸುದ್ದಿ, ಕೂತು ಓದು. ಚಿಕ್ಕಪ್ಪನ ಮೊಮ್ಮಗ ಡನೀಲೊಗೆ ಗಂಡು ಮಗುವಾಯಿತು. ತಾಯಿ ಯಾರು ಗೊತ್ತೆ? ಲವೀನಿಯಾ ಬೆರ್ನಾಬೇಯಿ. ನಿನಗೆ ಉಂಗುರ ತೊಡಿಸಿ, ಮದುವೆಗೆ ಹದಿನೈದು ದಿನವಿರುವಾಗ ಹಿಂದೆ ಸರಿದ ಫುಲ್ವಿಯೊನ ಒಬ್ಬಳೇ ಮಗಳು. ಅವನ ತಾಯಿ ಒತ್ತಾವಿಯಾ ಅಂದು ನಮ್ಮ ಅಂಗಳದಲ್ಲಿ ನಿಂತು ಆಡಿದ ಮಾತು ಇನ್ನೂ ಕಿವಿಯಲ್ಲಿದೆ: “ನಿಮ್ಮ ಹೆಸರಲ್ಲೇ ಇದೆಯಲ್ಲಮ್ಮ, ಯಾರೋ ಹೆತ್ತು ಬಿಸಾಕಿದ್ದು ಅಂತ. ಅಂಥದ್ದನ್ನ ನಮ್ಮನೆಗೆ ತಂದ್ಕೋಬೇಕಾ?” ಸುಳ್ಳೇನಲ್ಲ. ಮುತ್ತಜ್ಜನ ತಂದೆಯನ್ನು ಯಾರೋ, ಬೇಡದ ಕೂಸುಗಳನ್ನು ಇಡಲೆಂದೇ ಮಠದ ಗೋಡೆಯಲ್ಲಿದ್ದ ತಿರುಗುತೊಟ್ಟಿಲಲ್ಲಿ ಬಿಟ್ಟುಹೋಗಿದ್ದರು. ಸನ್ಯಾಸಿನಿಯರು ಲ್ಯಾಟಿನ್‌ನಲ್ಲಿ ‘ಪ್ರೊಯೆಕ್ತುಸ್’, ಎಸೆಯಲ್ಪಟ್ಟವನು, ಎಂದು ಬರೆದುಕೊಂಡರು. ಅದೇ ಸವೆದು ನಮ್ಮ ಅಡ್ಡಹೆಸರು ಪ್ರೊಯೆತ್ತಿ ಆಯಿತು. ಈಗ ಔಷಧಿ ಅಂಗಡಿಯ ಬೋರ್ಡಿನಲ್ಲೂ ಬಸ್ಸಿನ ಮೇಲೂ ಅದೇ ಹೆಸರು. ಶಾಲೆಯ ಹಾಜರಿಯಲ್ಲಿ ನಾಲ್ಕು ಸಲ ಕೂಗುತ್ತಾರೆ, ಯಾರೂ ನಗುವುದಿಲ್ಲ.

ನಿನ್ನೆ ಪುರಸಭೆಯ ಜನನ ನೋಂದಣಿ ಮೇಜಿನಲ್ಲಿ ನಾನೇ ಕೂತಿದ್ದೆ. ಈಗಿನ ಕಾನೂನಿನಂತೆ ಮಗುವಿಗೆ ತಂದೆತಾಯಿ ಇಬ್ಬರ ಅಡ್ಡಹೆಸರೂ ಬರುತ್ತದೆ. ಇಬ್ಬರೂ ಒಪ್ಪಿದರೆ ಯಾವುದಾದರೂ ಒಂದೇ ಸಾಕು. ಲವೀನಿಯಾ “ಪ್ರೊಯೆತ್ತಿ ಒಂದೇ ಬರೀರಿ” ಅಂದಳು, ಡನೀಲೊ ತಲೆಯಾಡಿಸಿದ. ಅಷ್ಟರಲ್ಲಿ ಕೋಲೂರಿಕೊಂಡು ಒತ್ತಾವಿಯಾ, ಅವಳ ಬೆನ್ನಿಗೆ ಫುಲ್ವಿಯೊ ಬಂದರು. ಬೆರ್ನಾಬೇಯಿಯೂ ಜೊತೆಗಿರಲಿ ಎಂದು ಮೊಮ್ಮಗಳನ್ನು ಬೇಡಿ ಸೋತ ಮುದುಕಿ ನನ್ನ ಕಡೆ ತಿರುಗಿದಳು. “ಎರ್ಸೀಲಿಯಾ, ನೀನಾದ್ರೂ ಹೇಳು ತಾಯಿ. ನಮ್ಮ ಹೆಸರು ಇಲ್ಲಿಗೇ ನಿಂತೋಗುತ್ತೆ.” ನಾನು ಒಂದು ಮಾತು ಹೇಳಿದ್ದರೆ ಆ ಹುಡುಗಿ ಮೆತ್ತಗಾಗುತ್ತಿದ್ದಳು ಅಕ್ಕಾ, ಅದು ನನಗೆ ಗೊತ್ತಿತ್ತು. “ಬಿಸಾಕಿದವರ ಪಕ್ಕ ನಿಮ್ಮ ಹೆಸರು ಕೂರಿಸಿದ್ರೆ ಕೊಳೆಯಾಗಲ್ವಾ ಅಮ್ಮಾವ್ರೇ?” ಅಂದೆ. ಅವಳಿಗೆ ಕುರ್ಚಿಯನ್ನೂ ಕೊಡಲಿಲ್ಲ. ಒಂದೊಂದೇ ಅಕ್ಷರ ನಿಧಾನವಾಗಿ ಬರೆದು ಸಹಿ ಹಾಕಿಸಿಕೊಂಡೆ. ಮೂವತ್ತೊಂದು ವರ್ಷದ ಮೇಲೆ ಹೊಟ್ಟೆ ತಣ್ಣಗಾಯಿತು.

ಔಷಧಿ ಬಿಡಬೇಡ. ನಿನ್ನ ಬೆಕ್ಕಿಗೂ ನನ್ನ ಮುದ್ದು.

ನಿನ್ನ ತಂಗಿ,
ಎರ್ಸೀಲಿಯಾ

ತಾ.ಕ.: ಎಲ್ಲರೂ ಹೋದ ಮೇಲೆ ಫುಲ್ವಿಯೊ ಒಬ್ಬನೇ ವಾಪಸ್ ಬಂದು, “ನಿವೆಸ್ ಹೇಗಿದ್ದಾಳೆ?” ಅಂತ ಕೇಳಿದ. ಎರಡು ವರ್ಷದ ಹಿಂದೆಯೇ ತೀರಿಕೊಂಡಳು ಅಂದುಬಿಟ್ಟೆ. ಕಚೇರಿ ಮುಚ್ಚುವವರೆಗೂ ಬೆಂಚಿನ ಮೇಲೆ ಕೂತು ಅತ್ತ. ಬರುವ ಭಾನುವಾರ ಚರ್ಚಿನಲ್ಲಿ ನಿನ್ನ ಆತ್ಮಶಾಂತಿಗೆ ಪ್ರಾರ್ಥನೆ ಹೇಳಿಸುತ್ತಾನಂತೆ. ಕ್ರಿಸ್‌ಮಸ್‌ಗೆ ಬರುತ್ತೇನೆ ಅಂದಿದ್ದೆಯಲ್ಲ, ಟಿಕೆಟ್ ರದ್ದು ಮಾಡು. ನಿನ್ನನ್ನು ನೋಡದೆ ನನಗೂ ಕಷ್ಟವೇ. ಆದರೂ ಒಂದು ವರ್ಷವಾದರೂ ಅವನು ಅಳಲಿ.