ಕೊನೆಯ ಸುತ್ತುಗಳಲ್ಲಿ ಸೋತ ಕೈ

ನವೆಂಬರ್ ೯, ಶನಿವಾರ

ಇವತ್ತಿನ ರೇಸಿನಲ್ಲಿ ನನ್ನ ಗೋ-ಕಾರ್ಟ್, ಆ ಪುಟ್ಟ ರೇಸ್ ಗಾಡಿ, ಕೆಡಲಿಲ್ಲ, ನಾನೇ ಕೆಟ್ಟೆ.

ಕೊನೆಯ ಸುತ್ತುಗಳಲ್ಲಿ ಪ್ರತಿ ತಿರುವಿಗೂ ಹೆಲ್ಮೆಟ್ಟಿನ ಭಾರಕ್ಕೆ ಕತ್ತು ವಾಲುತ್ತಿತ್ತು. ಮುಂಗೈ ಕಲ್ಲಾಗಿ, ಸ್ಟೀರಿಂಗ್ ಹಿಡಿದಿದ್ದೇನೋ ಇಲ್ಲವೋ ಅನ್ನುವುದೇ ತಿಳಿಯಲಿಲ್ಲ. ಸೀಟಿನ ಅಂಚು ಬಡಿದೂ ಬಡಿದೂ ಪಕ್ಕೆಲುಬು ಈಗಲೂ ಉಸಿರೆಳೆದರೆ ಚುಚ್ಚುತ್ತದೆ. ಅಲ್ಲಿಯವರೆಗೆ ಎಲ್ಲರಿಗಿಂತ ಮುಂದಿದ್ದವಳು ಬ್ರೇಕ್ ಒತ್ತಿ ಒಬ್ಬೊಬ್ಬರಿಗೂ ದಾರಿ ಬಿಟ್ಟೆ. ಕೂತು ಓಡಿಸೋಕೆ ಏನು ಕಷ್ಟ ಅನ್ನುವವರು ಒಮ್ಮೆ ಕೂತು ನೋಡಲಿ.

ತಂಡದ ಯಜಮಾನರು ಬೈಯಲಿಲ್ಲ. "ಮುಂದಿನ ರೇಸಿಗೆ ನಿನ್ನ ತಂಗಿ ಕೂರಲಿ. ನೀನೇ ಅವಳನ್ನ ತಯಾರು ಮಾಡಮ್ಮ," ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ತಂಗಿ ಕೇಳಿದಳು, "ಅಕ್ಕಾ, ನನ್ನ ಕೈಲಿ ಆಗಲ್ಲ ಅಂತ ಯಜಮಾನರಿಗೆ ಅಂದುಬಿಡ್ಲಾ?"

"ಬಾಯಿ ಮುಚ್ಕೊಂಡು ಕೂತ್ಕೋ. ಮೊದಲು ಕತ್ತು ಗಟ್ಟಿ ಮಾಡ್ಕೋ," ಅಂದೆ.

ಅವಳ ತಲೆಯ ಪಕ್ಕಕ್ಕೆ ಅಂಗೈ ಒತ್ತಿ ಹಿಡಿದು, ತಲೆಯಿಂದಲೇ ನನ್ನ ಕೈ ತಳ್ಳು ಅಂದೆ. ತಳ್ಳಿದಳು. ನನ್ನ ಕೈಯೇ ಹಿಂದಕ್ಕೆ ಹೋಯಿತು. ಅದು ಅವಳಿಗೂ ಗೊತ್ತಾಯಿತು. ತಕ್ಷಣ ತಳ್ಳುವುದನ್ನು ಸಡಿಲಿಸಿ, "ಅಬ್ಬಾ, ಎಷ್ಟು ಗಟ್ಟಿ ಹಿಡೀತೀಯೇ ಅಕ್ಕಾ!" ಅಂತ ಸುಳ್ಳು ಹೇಳಿದಳು.

ನಾನೂ ನಕ್ಕೆ. ಸೋತಿದ್ದನ್ನು ಹೇಗೋ ನುಂಗಿಕೊಂಡೇನು. ಆದರೆ ಅವಳಿಗೆ ನನ್ನ ಮೇಲೆ ಕನಿಕರ ಬರುವಷ್ಟು ನಾನು ಯಾವಾಗ...