ಬಸಣ್ಣ ಎತ್ತಿಟ್ಟ ಪುಡಿ

ಬಸಣ್ಣಾ,

ಶಿಕಾರಿಪುರದ ಕಾಲೇಜಿಗೆ ನಾನು ಕೆಮಿಸ್ಟ್ರಿ ಪಾಠ ಮಾಡಲು ಬಂದ ವಾರ, ಲ್ಯಾಬಿನ ಬೀಗದ ಕೈ ಕೊಡುತ್ತಾ, ನಾನು ತಂದಿದ್ದ ಡಬ್ಬಿಯ ಗುಳಿಗೆಗಳನ್ನು ನೋಡಿ ನೀವು ಕೇಳಿದಿರಿ, ಈ ಗುಳಿಗೆ ಯಾವ ರೋಗಕ್ಕೆ ಅಂತ. ಹೊಗೆಗೆ ಅಂದೆ. ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಇವು ಹಿಡಿದಿಟ್ಟುಕೊಳ್ಳುತ್ತವೆ, ಕಾಯಿಸಿದರೆ ಬಿಟ್ಟುಕೊಡುತ್ತವೆ, ಮತ್ತೆ ಇವನ್ನೇ ಬಳಸಬಹುದು ಅಂತ ವಿವರಿಸಿದೆ. ಅಟೆಂಡರ್ ಆಗಿ ಇಪ್ಪತ್ತು ವರ್ಷ ಕಳೆದಿದ್ದ ನಿಮಗೆ ಅಷ್ಟು ಸಾಕಾಯಿತು. ಮರುದಿನದಿಂದ ನನ್ನ ಜೊತೆ ನಿಂತಿರಿ.

ವರ್ಷವಿಡೀ ಕಾಯಿಸಿದೆವು, ಆರಿಸಿದೆವು, ತೂಗಿದೆವು. ತೂಗುವ ಮೊದಲು ನಾನು ಜರಡಿ ಹಿಡಿಯುತ್ತಿದ್ದೆ. ಕೆಳಗೆ ಉದುರಿದ ಪುಡಿಯನ್ನೂ ತೂಗಬೇಕಲ್ವಾ ಅಂತ ನೀವು ಎರಡು ಸಲ ಹೇಳಿದಿರಿ. ಚಿಟಿಕೆಯಷ್ಟು, ಬಿಡಿ ಅಂದೆ. ಗುಳಿಗೆ ಸವೆಯುವುದಿಲ್ಲ ಅಂತ ವರದಿ ಕಳಿಸುವ ಅವಸರ ನನಗೆ.

ಸೊರಬದ ಅಕ್ಕಿ ಗಿರಣಿಯಲ್ಲಿ ಬಾಯ್ಲರಿನ ಹೊಗೆಗೆ ನಮ್ಮ ಕೊಳವೆ ಜೋಡಿಸಿದಾಗ ಗುಳಿಗೆ ತುಂಬಿದ್ದು ನೀವು. ಮೂರನೇ ವಾರಕ್ಕೆ ಕೊಳವೆ ಕಟ್ಟಿಕೊಂಡಿತು. ಹೊಗೆ ಹಿಂದಕ್ಕೆ ನುಗ್ಗಿ, ಕೆಲಸದ ಹೆಂಗಸರು ಕೆಮ್ಮುತ್ತಾ ಹೊರಗೋಡಿದರು. ಏನಾಯ್ತು ಅಂತ ಮಾಲೀಕರು ಕೇಳಿದರು. ಅಷ್ಟೂ ಜನರ ಎದುರು ನಿಮ್ಮನ್ನು ತೋರಿಸಿ, "ಇವರು ಸರಿಯಾಗಿ ತುಂಬಿಲ್ಲ" ಅಂದುಬಿಟ್ಟೆ. ನೀವು ಸ್ಪ್ಯಾನರ್ ಒರೆಸಿ ಚೀಲಕ್ಕೆ ಹಾಕಿದಿರಿ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟುಕೊಟ್ಟಿರಿ. ಆಗಲಾದರೂ ನಾನು ಒಂದು ಮಾತು...

ಹದಿನೈದು ದಿನವೂ ಆಗಿರಲಿಲ್ಲ, ಹೃದಯಾಘಾತ ಅಂತ ಫೋನ್ ಬಂತು. ನಿಮ್ಮೂರು ಕುಪ್ಪಗಡ್ಡೆಗೆ, ನಿಮ್ಮ ಮಣ್ಣಿಗೆ ಬಂದೆ. ಹಿಂದೆ ನಿಂತು ಹೊರಟುಬಿಟ್ಟೆ.

ಲ್ಯಾಬಿನಲ್ಲಿ ನಿಮ್ಮ ಕಪಾಟು ಖಾಲಿ ಮಾಡುವಾಗ ಮಾತ್ರೆ ಡಬ್ಬಿಗಳು ಸಿಕ್ಕವು. ಪ್ರತಿ ಸಲದ ಪುಡಿಯನ್ನೂ ತಾರೀಕು ಬರೆದು ಎತ್ತಿಟ್ಟಿದ್ದಿರಿ. ಒಂದೊಂದಾಗಿ ತೂಗಿದೆ. ಗುಳಿಗೆ ಮೊದಲ ದಿನದಿಂದಲೇ ಸವೆಯುತ್ತಿತ್ತು, ಹೋಗ್ತಾ ಹೋಗ್ತಾ ಹೆಚ್ಚು. ಕೊಳವೆ ಕಟ್ಟಿದ್ದು ಆ ಪುಡಿಯಿಂದ. ನಿಮ್ಮ ಕೈಯಲ್ಲಿ ತಪ್ಪಿರಲಿಲ್ಲ. ಅಷ್ಟು ಗೊತ್ತಿದ್ದೂ ಅವತ್ತು ಯಾಕೆ ಸುಮ್ಮನಿದ್ದಿರಿ?

ವರದಿಯನ್ನು ಹಿಂದಕ್ಕೆ ತರಿಸಿಕೊಂಡೆ. ಜೇಡಿಮಣ್ಣಿನ ಅಂಟು ಹೆಚ್ಚಿಸಿ, ನಿಧಾನವಾಗಿ ಒಣಗಿಸಿ ಹೊಸ ಗುಳಿಗೆ ಮಾಡಿದೆ. ಇವು ಹಿಡಿಯುವುದು ಕೊಂಚ ಕಡಿಮೆ, ಉದುರುವುದು ತೀರಾ ಕಡಿಮೆ. ಮತ್ತೆ ಜೋಡಿಸ್ತೀನಿ ಅಂದಾಗ ಗಿರಣಿಯವರು ಎರಡು ಸಲ ಆಗಲ್ಲ ಅಂದರು. ಮೂರನೇ ಸಲ ನಿಮ್ಮ ಮನೆಯವರಾದ ಗಿರಿಜಮ್ಮನನ್ನೂ ಕರೆದುಕೊಂಡು ಹೋದೆ. ಅದೇ ಮಾಲೀಕರು, ಅದೇ ಹೆಂಗಸರು. "ಅವತ್ತು ತಪ್ಪು ನಂದು. ಬಸಣ್ಣ ಸರಿಯಾಗೇ ತುಂಬಿದ್ರು. ಮುಂಚೇನೇ ಎಚ್ಚರಿಸಿದ್ರು, ನಾನು ಕೇಳ್ಲಿಲ್ಲ" ಅಂದೆ. ಮಾಲೀಕರು ಜೋಡಿಸಿ ಅಂದರು. ನಾಲ್ಕು ತಿಂಗಳಾಯಿತು, ಕೊಳವೆ ಒಮ್ಮೆಯೂ ಕಟ್ಟಿಲ್ಲ.

ಇನ್ನೊಂದಿದೆ. ಅವತ್ತು ಗಿರಣಿಯಿಂದ ಸೊರಬದ ಬಸ್ ಸ್ಟ್ಯಾಂಡಿಗೆ ಬಂದ ಗಿರಿಜಮ್ಮ, ಕುಪ್ಪಗಡ್ಡೆ ಬಸ್ಸು ಬಂದ ಮೇಲೆ ಹೇಳಿದರು:

"ನೀವು ಅವ್ರ ಮೇಲೆ ತಪ್ಪು ಹಾಕಿದ್ದು ನಂಗೆ ಗೊತ್ತೇ ಇರ್ಲಿಲ್ಲ ರೀ. ಗಿರಣಿ ಕೆಲಸ ಚೆನ್ನಾಗಾಯ್ತು ಅಂತ ಹೇಳಿ, ಅವತ್ತು ಮನೆಗೆ ಸಿಹಿ ತಂದಿದ್ರು."

ನಿಮ್ಮ,
ಸುಮಾ