ಎತ್ತದೆ ಬಿಟ್ಟ ಫೋನ್

ಬೈಂದೂರು, ಮಧ್ಯಾಹ್ನ

ಚಂದ್ರಾವತಿ ಅಕ್ಕನಿಗೆ ನವ್ಯಾಳ ನಮಸ್ಕಾರ.

ದೋಣಿ ಮಗುಚಿದ ಸುದ್ದಿ ಬಂದಾಗ ನೀವು ಮೂರು ಸಲ ಫೋನ್ ಮಾಡಿದಿರಿ, ನಾನು ಎತ್ತಲಿಲ್ಲ. ಸೂರಣ್ಣ ತೀರಿಕೊಂಡರೆಂದು ಒಂದು ಫೋಟೊ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿತ್ತು. ನಮ್ಮ ವೆಬ್‌ಸೈಟಿಗೂ ಹಾಕೆಂದು ಸಂಪಾದಕರು ಅವಸರ ಮಾಡಿದರು. ಫೋಟೊದಲ್ಲಿ ಮುಖ ಸ್ಪಷ್ಟವಿರಲಿಲ್ಲ. ಕಣ್ಣಾರೆ ನೋಡದೆ ಬರೆಯಲಾರೆ, ನಿಮಗೂ ಏನೂ ಹೇಳಲಾರೆ ಎಂದು ಆಸ್ಪತ್ರೆಗೆ ಓಡಿದೆ. ಅಣ್ಣ ಮಂಚದ ಮೇಲೆ ಎದ್ದು ಕುಳಿತಿದ್ದರು. "ನವ್ಯಾ, ನಾ ಮನಿಗೆ ಬತ್ತೆ ಅಂದ್ ನನ್ ಹೆಂಡ್ತಿಗ್ ಹೇಳ್" ಎಂದರು. ಆಮೇಲೆಯೇ ನಿಮಗೆ ಫೋನ್ ಮಾಡಿದ್ದು. ನೀವು ಅಳುತ್ತಿದ್ದಿರಿ, ಉಳಿದದ್ದನ್ನು ಹೇಳಲಾಗಲಿಲ್ಲ. ಅದಕ್ಕೇ ನಮ್ಮ ಕ್ಯಾಮೆರಾದ ರೋಹಿತ್ ಕೈಯಲ್ಲಿ ಈ ಪತ್ರ. ಅವನ ಹತ್ತಿರ ಅಣ್ಣನಿಗೆ ಒಣಗಿದ ಬಟ್ಟೆ ಕೊಟ್ಟು ಕಳಿಸಿ.

ತೀರಿಕೊಂಡದ್ದು, ಆ ಫೋಟೊದಲ್ಲಿರುವುದು, ಅದೇ ದೋಣಿಯಲ್ಲಿದ್ದ ಸುಧೀರ. ಅವನ ಮನೆಗೆ ಹೇಳಲು ಹಿರಿಯರು ಈಗಷ್ಟೇ ಹೊರಟಿದ್ದಾರೆ. ಕೇರಿಯವರಿಗೆಲ್ಲ ಆ ಫೋಟೊ ಅಳಿಸಲು ನೀವೇ ಹೇಳಿ, ಅಕ್ಕ. ಅವನ ತಾಯಿಯ ಕೈಯಲ್ಲೂ ಮೊಬೈಲಿದೆ.

ನಿಮ್ಮ
ನವ್ಯಾ